ನಿಗದಿತ ಸ್ನ್ಯಾಪ್‌ಶಾಟ್ ಮತ್ತು ಸರ್ವರ್ ಕುಸಿತ

ಸರ್ವರ್‌ನ ಡಿಸ್ಕಿನಲ್ಲಿರುವ ಕಡತಗಳೆಲ್ಲ ಒಂದು ಕ್ಷಣಕ್ಕೆ ಹೇಗಿದ್ದವೋ ಹಾಗೇ ಹಿಡಿದಿಡುವ ಏರ್ಪಾಡಿಗೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅಳಿಸಿಹೋದ ಕಡತವನ್ನು ಮರಳಿ ಪಡೆಯಲು, ಸರ್ವರ್ ನಿಲ್ಲಿಸದೆಯೇ ಬ್ಯಾಕಪ್ ತೆಗೆಯಲು, ಹೊಸ ತಂತ್ರಾಂಶ ಹಾಕಿದ್ದು ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಇದು ಬೇಕು. ಯಾರೂ ಮರೆಯದಿರಲಿ ಎಂದು ಇದನ್ನು ಗಡಿಯಾರಕ್ಕೆ ಕಟ್ಟಿಬಿಡುವುದು ವಾಡಿಕೆ. ರಾತ್ರಿ ಇಂತಿಷ್ಟು ಗಂಟೆಗೆ, ಇಲ್ಲವೇ ಗಂಟೆಗೊಮ್ಮೆ ಅದು ತಾನಾಗಿ ನಡೆಯುತ್ತದೆ. ಸರಿಯಾಗಿ ಆ ಹೊತ್ತಿಗೇ ಸರ್ವರ್ ನಿಂತುಹೋಗುವುದೂ ಅಷ್ಟೇ ಹಳೆಯ ಅನುಭವ. ದಿನವೆಲ್ಲ ಚೆನ್ನಾಗಿದ್ದ ಯಂತ್ರ ರಾತ್ರಿ ಮೂರಕ್ಕೆ ಬೀಳುತ್ತದೆ. ಬೆಳಿಗ್ಗೆ ಬಂದವರು ಬಟನ್ ಒತ್ತಿ ಎಬ್ಬಿಸುತ್ತಾರೆ. ಮತ್ತೆ ರಾತ್ರಿ ಮೂರಕ್ಕೆ ಬೀಳುತ್ತದೆ. ಸ್ನ್ಯಾಪ್‌ಶಾಟನ್ನೇ ನಿಲ್ಲಿಸಿದರೆ ಕಾಟ ತಪ್ಪುತ್ತದೆ, ಜೊತೆಗೆ ಬ್ಯಾಕಪ್ಪೂ ತಪ್ಪುತ್ತದೆ. ಎಷ್ಟೋ ಕಡೆ ಇಷ್ಟಕ್ಕೇ ಕೈಬಿಡುತ್ತಾರೆ, ಹಾಗೆ ಬಿಡಬಾರದು. ಸರ್ವರ್‌ನಲ್ಲಿ ಮೊದಲೇ ಅಡಗಿದ್ದ ಯಾವುದೋ ದೌರ್ಬಲ್ಯ ಸ್ನ್ಯಾಪ್‌ಶಾಟಿನ ಘಳಿಗೆಯಲ್ಲಿ ಹೊರಬಿದ್ದಿರುತ್ತದೆ. ಹುಡುಕದೆ ಬಿಟ್ಟರೆ ಅದು ಇನ್ನೊಂದು ದಿನ ಬೇರೆ ನೆಪದಲ್ಲಿ ಬರುತ್ತದೆ.

ವಳ್ಳೂರಿನ ಸಂದರ್ಭ

ಈ ತೊಂದರೆಯನ್ನು ದೊಡ್ಡ ನಗರದ ಡೇಟಾ ಸೆಂಟರಿಗೆ ಮಾತ್ರ ಸೇರಿದ್ದು ಎಂದು ಎಣಿಸುವ ಕಾಲ ಹೋಗಿದೆ. ತುಮಕೂರು ಜಿಲ್ಲೆಯ ಪಾವಗಡ ತಾಲೂಕು, ನಾಗಲಮಡಿಕೆ ಹೋಬಳಿಯ ವಳ್ಳೂರು ಆಂಧ್ರದ ಗಡಿಗೆ ತಾಗಿದ ಸೀಮೆಯ ಊರು. ಕನ್ನಡ, ತೆಲುಗು ಎರಡೂ ಇಲ್ಲಿ ಮನೆಮಾತು. ಶೇಂಗಾ ಬಿತ್ತಿ ಮಳೆಗಾಗಿ ಮುಗಿಲು ನೋಡುತ್ತಿದ್ದ ಈ ಹೊಲಗಳ ಮೇಲೆ ಇಂದು ಸೌರಫಲಕಗಳ ಸಾಲುಗಳಿವೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಮತ್ತು ವಳ್ಳೂರು, ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಪಾವಗಡ ಸೌರ ಪಾರ್ಕ್ ಹರಡಿದೆ. ಇದನ್ನು ನಡೆಸುವ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ 2015ರಲ್ಲಿ ರೂಪುಗೊಂಡಿತು. ಜಮೀನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಸುವ ಒಪ್ಪಂದ ಅದು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪಾರ್ಕ್, 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯ ಮುಟ್ಟಿತು.

ಫಲಕಗಳು ಕಣ್ಣಿಗೆ ಕಾಣುತ್ತವೆ, ಅವುಗಳ ಲೆಕ್ಕ ಇಡುವ ಕಂಪ್ಯೂಟರ್‌ಗಳು ಕಾಣುವುದಿಲ್ಲ. ಸೌರ ಘಟಕದಲ್ಲಿ ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಹವಾಮಾನ ಮಾಪಕಗಳಿಂದ ಕ್ಷಣಕ್ಷಣಕ್ಕೂ ಅಂಕಿಗಳು ಬರುತ್ತಿರುತ್ತವೆ. ಅವನ್ನು ಒಟ್ಟುಮಾಡಿ ತೋರಿಸುವ, ನಿಯಂತ್ರಿಸುವ ವ್ಯವಸ್ಥೆಯನ್ನು ಅಲ್ಲಿನವರು ಸ್ಕಾಡಾ ಎನ್ನುತ್ತಾರೆ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಉತ್ಪಾದನೆಯ ವೇಳಾಪಟ್ಟಿ ನಡೆಯುವುದು 15 ನಿಮಿಷದ ತುಂಡುಗಳಲ್ಲಿ, ಅಂದರೆ ದಿನಕ್ಕೆ 96 ತುಂಡು. ಒಂದು ತುಂಡಿನ ಅಂಕಿ ಕಳೆದುಹೋದರೆ ಬರೆಯಲು ಎರಡನೇ ಅವಕಾಶವಿಲ್ಲ. ಮೋಡದ ನೆರಳು ಫಲಕದ ಮೇಲೆ ಹಾದುಹೋದ ಕ್ಷಣ ಮತ್ತೆ ಬರುವುದಿಲ್ಲ. ಹಾಗಾಗಿ ಇಂಥ ಕಡೆ ಸ್ನ್ಯಾಪ್‌ಶಾಟ್ ಬೇಕೇ ಬೇಕು, ಸ್ನ್ಯಾಪ್‌ಶಾಟಿನಿಂದ ಸರ್ವರ್ ನಿಲ್ಲುವುದಂತೂ ಕೂಡದು.

ಇದೇ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆಯ ಜನರಿಗೆ ಸರ್ವರ್ ಎಂಬ ಮಾತು ಪರಿಚಯವಾದದ್ದು ಇನ್ನೊಂದು ದಾರಿಯಿಂದ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಬಂದು ರಾಜ್ಯದ 177 ತಾಲೂಕುಗಳಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಏರಿದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. 15 ರೂಪಾಯಿ ಕೊಟ್ಟು ಕಿಯಾಸ್ಕಿನಲ್ಲಿ ಪಹಣಿ ಪಡೆಯುವ ಪದ್ಧತಿ ಬಂತು, ಅದರ ಬೆನ್ನಿಗೇ ‘ಸರ್ವರ್ ಡೌನ್’ ಎಂಬ ಮಾತೂ ಬಂತು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ರೈತನಿಗೆ ಆ ಎರಡು ಪದದಿಂದ ತಿಳಿಯುವುದು ನಾಳೆ ಮತ್ತೆ ಬರಬೇಕೆಂಬುದಷ್ಟೇ. ಸರ್ವರ್ ನೋಡಿಕೊಳ್ಳುವವರು ಮಾತ್ರ ಅಷ್ಟಕ್ಕೇ ತೃಪ್ತರಾಗಬಾರದು. ಡೌನ್ ಎಂಬ ಒಂದೇ ಮಾತಿನಡಿ ಬೇರೆ ಬೇರೆ ಮೂರು ಕಾಯಿಲೆಗಳಿವೆ. ಅವನ್ನು ಮುಂದೆ ನೋಡೋಣ.

ಒರೆಸುವ ಮುನ್ನ ಪ್ರತಿ

ಫೈಲಿಗೆ ನಾವು ಇಂದು ಬಳಸುವ ಕಡತ ಎಂಬ ಮಾತು ಮೂಲದಲ್ಲಿ ಒಂದು ವಸ್ತುವಿನ ಹೆಸರು. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಹೆಸರಾದವು. ಒರೆಸಿ ಮತ್ತೆ ಬರೆಯಬಹುದಾಗಿದ್ದುದು ಅದರ ಅನುಕೂಲ, ಒರೆಸಿದ್ದು ಹೋಯಿತೆಂಬುದು ಅದರ ಅಪಾಯ. ನಿನ್ನೆಯ ಲೆಕ್ಕವೂ ಬೇಕು, ಇಂದಿನ ಲೆಕ್ಕವೂ ಬೇಕು ಎಂದಾಗ ಲೆಕ್ಕ ಬರೆಯುವವನಿಗೆ ಎರಡು ದಾರಿ. ಸಾಲನ್ನು ಒರೆಸುವ ಮುಂಚೆ ಅದನ್ನು ಬೇರೊಂದು ಕಡೆ ಪ್ರತಿ ಮಾಡಿಕೊಳ್ಳಬಹುದು. ಇಲ್ಲವೇ ಹಳೆಯದನ್ನು ಮುಟ್ಟದೆ ಹೊಸ ಮಡಿಕೆಯಲ್ಲಿ ಬರೆದು, ಯಾವ ಮಡಿಕೆ ಓದಬೇಕು ಎಂಬ ಪಟ್ಟಿಯನ್ನು ಮಾತ್ರ ತಿದ್ದಬಹುದು.

ಕಂಪ್ಯೂಟರಿನ ಸ್ನ್ಯಾಪ್‌ಶಾಟುಗಳೂ ಈ ಎರಡೇ ಬಗೆ. ಲಿನಕ್ಸಿನ ಹಳೆಯ ಎಲ್‌ವಿಎಂ ಸ್ನ್ಯಾಪ್‌ಶಾಟ್, ಲಿನಕ್ಸಿನಂಥದೇ ಇನ್ನೊಂದು ಕಾರ್ಯವ್ಯವಸ್ಥೆಯಾದ ಫ್ರೀಬಿಎಸ್‌ಡಿಯ ಯುಎಫ್‌ಎಸ್ ಸ್ನ್ಯಾಪ್‌ಶಾಟ್ ಮೊದಲನೆಯ ಬಗೆಗೆ ಸೇರುತ್ತವೆ. ಸ್ನ್ಯಾಪ್‌ಶಾಟ್ ಆದ ಮೇಲೆ ಒಂದು ತುಣುಕನ್ನು ಮೊದಲ ಸಲ ಬದಲಿಸಬೇಕಾದರೆ ಹಳೆಯದನ್ನು ಓದಬೇಕು, ಬೇರೆಡೆ ಬರೆಯಬೇಕು, ಆಮೇಲೆ ಹೊಸದನ್ನು ಬರೆಯಬೇಕು. ಒಂದು ಕೆಲಸ ಮೂರಾಗುತ್ತದೆ. ಎರಡನೆಯ ಬಗೆಯನ್ನು ಮಾರುಕಟ್ಟೆಗೆ ತಂದು ಗೆದ್ದದ್ದು ನೆಟ್‌ಆ್ಯಪ್ ಕಂಪನಿಯ ವಾಫಲ್ ಕಡತ ವ್ಯವಸ್ಥೆ. ಡೇವ್ ಹಿಟ್ಜ್, ಜೇಮ್ಸ್ ಲಾವ್, ಮೈಕಲ್ ಮಾಲ್ಕಮ್ ಇದನ್ನು 1994ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಸನ್ ಕಂಪನಿಯ ಝಡ್‌ಎಫ್‌ಎಸ್ 2005ರಲ್ಲೂ, ಲಿನಕ್ಸಿನ ಬಿಟಿಆರ್‌ಎಫ್‌ಎಸ್ 2009ರಲ್ಲೂ ಅದೇ ಹಾದಿ ಹಿಡಿದು ಬಂದವು. ಇವುಗಳಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವುದು ಬಹುಮಟ್ಟಿಗೆ ಕಣ್ಣೆವೆ ಮುಚ್ಚುವಷ್ಟರ ಕೆಲಸ. ದುಬಾರಿಯಾಗುವುದು ಅಳಿಸುವಾಗ. ಯಾವ ತುಣುಕನ್ನು ಯಾವ ಸ್ನ್ಯಾಪ್‌ಶಾಟ್ ಇನ್ನೂ ಹಿಡಿದಿಟ್ಟುಕೊಂಡಿದೆ ಎಂದು ಹುಡುಕಿ ಬಿಡಿಸಬೇಕು. ‘ಸ್ನ್ಯಾಪ್‌ಶಾಟ್ ವೇಳೆ ಬಿತ್ತು’ ಎಂದು ದೂರು ಬಂದರೆ, ತೆಗೆಯುವಾಗ ಬಿತ್ತೋ ಹಳೆಯದನ್ನು ಅಳಿಸುವಾಗ ಬಿತ್ತೋ ಎಂದು ಮೊದಲು ಕೇಳಬೇಕು. ಒಂದೇ ಸ್ಕ್ರಿಪ್ಟಿನಲ್ಲಿ ಎರಡೂ ಇರುವುದರಿಂದ ಈ ಪ್ರಶ್ನೆ ಮರೆತೇಹೋಗುತ್ತದೆ.

ನಿಲ್ಲು ಎನ್ನುವ ಆ ಕ್ಷಣ

ಯಾವ ಬಗೆಯಾದರೂ ಒಂದು ಕ್ಷಣ ಎಲ್ಲರೂ ಬರೆಯುವ ಕೈ ತಡೆಯಬೇಕು. ಅರ್ಧ ಬರೆದ ಸಾಲಿನ ನಡುವೆ ಚಿತ್ರ ತೆಗೆದರೆ ಚಿತ್ರವೂ ಅರ್ಧವೇ. ಆದ್ದರಿಂದ ಕಡತ ವ್ಯವಸ್ಥೆ ಹೊಸ ಬರವಣಿಗೆಗಳನ್ನು ಬಾಗಿಲಲ್ಲೇ ತಡೆಯುತ್ತದೆ, ಒಳಗಿರುವವು ಮುಗಿಯುವವರೆಗೆ ಕಾಯುತ್ತದೆ, ಮೆಮೊರಿಯಲ್ಲಿ ಉಳಿದದ್ದನ್ನೆಲ್ಲ ಡಿಸ್ಕಿಗೆ ಇಳಿಸುತ್ತದೆ, ಆಮೇಲೆ ಸ್ನ್ಯಾಪ್‌ಶಾಟ್ ತೆಗೆದು ಬಾಗಿಲು ತೆರೆಯುತ್ತದೆ. ಕುಸಿತಗಳು ಹುಟ್ಟುವುದು ಈ ನಡೆಯ ಒಂದೊಂದು ಹೆಜ್ಜೆಯಲ್ಲೇ. ಒಳಗಿದ್ದವನು ಮುಗಿಸದಿದ್ದರೆ ಹೊರಗಿನವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ಮೆಮೊರಿಯಿಂದ ಒಮ್ಮೆಗೇ ಇಳಿಯುವ ಬರವಣಿಗೆಯ ಭಾರಕ್ಕೆ ಸೊರಗಿದ ಡಿಸ್ಕ್ ಉತ್ತರ ಕೊಡುವುದನ್ನೇ ನಿಲ್ಲಿಸಬಹುದು. ಬಾಗಿಲು ತೆರೆಯಬೇಕಾದ ಪ್ರೋಗ್ರಾಮೇ ನಡುವೆ ಸತ್ತರೆ ಬಾಗಿಲು ಮುಚ್ಚಿಯೇ ಇರುತ್ತದೆ.

ಲಿನಕ್ಸಿನಲ್ಲಿ ಹೀಗೆ ತಡೆಯುವುದಕ್ಕೆ ಎಫ್‌ಎಸ್‌ಫ್ರೀಜ್ ಎಂಬ ಆಜ್ಞೆಯಿದೆ. ಅದನ್ನು ಬಳಸುವ ಸ್ಕ್ರಿಪ್ಟುಗಳಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಸ್ಕ್ರಿಪ್ಟ್ ಮೊದಲು ಕಡತ ವ್ಯವಸ್ಥೆಯನ್ನು ತಡೆಯುತ್ತದೆ, ನಂತರ ‘ತಡೆದಿದ್ದೇನೆ’ ಎಂದು ತನ್ನ ಲಾಗಿನಲ್ಲಿ ಒಂದು ಸಾಲು ಬರೆಯಹೊರಡುತ್ತದೆ. ಆ ಲಾಗ್ ಇರುವುದು ಈಗಷ್ಟೇ ತಡೆದ ಜಾಗದಲ್ಲೇ. ಬರೆಯಲು ಆಗದೆ ಸ್ಕ್ರಿಪ್ಟ್ ಕಾಯುತ್ತದೆ, ಸ್ಕ್ರಿಪ್ಟ್ ಮುಂದುವರಿಯದ ಹೊರತು ತಡೆ ತೆರೆಯದು. ಮನೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟಂತೆ. ನಿಮಿಷದೊಳಗೆ ಡೇಟಾಬೇಸ್ ನಿಲ್ಲುತ್ತದೆ, ಲಾಗಿನ್ ಆಗಲು ಬಂದವರಿಗೆ ಪರದೆ ಸ್ತಬ್ಧವಾಗಿ ಕಾಣುತ್ತದೆ, ಯಾರೋ ಪವರ್ ಬಟನ್ ಒತ್ತುತ್ತಾರೆ. ಮರುದಿನದ ವರದಿಯಲ್ಲಿ ‘ಸರ್ವರ್ ಕ್ರ್ಯಾಶ್’ ಎಂದು ಬರೆದಿರುತ್ತದೆ. ಅಲ್ಲಿ ಕ್ರ್ಯಾಶ್ ಏನೂ ಆಗಿಲ್ಲ. ಲಿನಕ್ಸ್ ಕೀಲಿಮಣೆಯ ಸಿಸ್‌ಆರ್‌ಕ್ಯು ಏರ್ಪಾಡಿನಲ್ಲಿ ‘ಜೆ’ ಅಕ್ಷರ ಒತ್ತಿದರೆ ಇಂಥ ತಡೆಗಳೆಲ್ಲ ಬಲವಂತವಾಗಿ ಬಿಚ್ಚಿಕೊಳ್ಳುತ್ತವೆ. ಪವರ್ ಬಟನ್‌ಗೆ ಕೈಹಾಕುವ ಮೊದಲು ಇದನ್ನು ಒಮ್ಮೆ ನೋಡುವುದು ಒಳ್ಳೆಯದು.

ಡೇಟಾಬೇಸಿನ ಮಟ್ಟದಲ್ಲೂ ಇದೇ ಕತೆ ಇನ್ನೊಂದು ವೇಷದಲ್ಲಿ ನಡೆಯುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಸ್ನ್ಯಾಪ್‌ಶಾಟಿಗೆ ಮುನ್ನ ಎಲ್ಲ ಕೋಷ್ಟಕಗಳಿಗೂ ಓದುವ ಬೀಗ ಹಾಕುವ ರೂಢಿಯಿದೆ. ತಿಂಗಳ ವರದಿಗಾಗಿ ಯಾರೋ ಬಿಟ್ಟ ಉದ್ದನೆಯ ಪ್ರಶ್ನೆಯೊಂದು ಅದೇ ಹೊತ್ತಿಗೆ ಓಡುತ್ತಿದ್ದರೆ ಬೀಗ ಅದಕ್ಕಾಗಿ ಕಾಯುತ್ತದೆ, ಹಿಂದಿನಿಂದ ಬಂದ ಬರವಣಿಗೆಗಳೆಲ್ಲ ಬೀಗಕ್ಕಾಗಿ ಕಾಯುತ್ತವೆ. ಸಂಪರ್ಕಗಳ ಮಿತಿ ತುಂಬಿದಾಗ ಹೊಸಬರಿಗೆ ಸಿಗುವುದು ದೋಷದ ಸಂದೇಶ ಮಾತ್ರ.

ಫ್ರೀಬಿಎಸ್‌ಡಿಯ ಪಾಠ

ಈ ವಿಷಯದಲ್ಲಿ ಬಹಿರಂಗವಾಗಿ ದಾಖಲಾದ, ಮೊದಲಿನಿಂದ ಕೊನೆಯವರೆಗೆ ಕಾಣುವ ಉದಾಹರಣೆ ಫ್ರೀಬಿಎಸ್‌ಡಿಯದು. ಕರ್ಕ್ ಮೆಕ್ಯೂಸಿಕ್ ಬರೆದ ಸ್ನ್ಯಾಪ್‌ಶಾಟ್ ಸೌಲಭ್ಯ 2003ರ ಜನವರಿಯ 5.0 ಆವೃತ್ತಿಯಲ್ಲಿ ಬಳಕೆಗೆ ಬಂತು. ಒಂದು ಕಡತ ವ್ಯವಸ್ಥೆಗೆ ಹೆಚ್ಚೆಂದರೆ 20 ಸ್ನ್ಯಾಪ್‌ಶಾಟ್. ಪ್ರತಿಯೊಂದೂ ಅದೇ ಕಡತ ವ್ಯವಸ್ಥೆಯೊಳಗೆ ಒಂದು ಕಡತವಾಗಿಯೇ ಕೂತಿರುತ್ತದೆ. ಡಂಪ್ ಎಂಬ ಹಳೆಯ ಬ್ಯಾಕಪ್ ಪ್ರೋಗ್ರಾಮಿಗೆ ‘ಎಲ್’ ಎಂಬ ಒಂದಕ್ಷರದ ಆಯ್ಕೆ ಕೊಟ್ಟರೆ ಅದು ತಾನೇ ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ಬ್ಯಾಕಪ್ ಮಾಡಿ, ಕೊನೆಗೆ ಅಳಿಸುತ್ತದೆ. ಎಲ್ಲರಿಗೂ ಬಿಡುವಿರುವ ನಡುರಾತ್ರಿಗೆ ಇದನ್ನು ಇಟ್ಟರು.

ಆದರೆ ನಡುರಾತ್ರಿ ಅಷ್ಟು ಬಿಡುವಿನದಾಗಿರಲಿಲ್ಲ. ಫ್ರೀಬಿಎಸ್‌ಡಿ ತನ್ನ ದೈನಂದಿನ ತಪಾಸಣೆಗಳನ್ನು ತಾನಾಗಿಯೇ ರಾತ್ರಿ 3 ಗಂಟೆ 1 ನಿಮಿಷಕ್ಕೆ ಶುರುಮಾಡುತ್ತದೆ. ಅದರಲ್ಲಿ ಭದ್ರತೆಗಾಗಿ ಇಡೀ ಕಡತ ವ್ಯವಸ್ಥೆಯನ್ನು ಕೋಣೆ ಕೋಣೆಯಾಗಿ ಹೊಕ್ಕು ನೋಡುವ ಹುಡುಕಾಟವೂ ಸೇರಿದೆ. ಮೂರಕ್ಕೆ ಸ್ನ್ಯಾಪ್‌ಶಾಟ್ ಇಟ್ಟವರ ಯಂತ್ರದಲ್ಲಿ ಏನಾಗಬಹುದು ನೋಡಿ. ಮೂರು ಗಂಟೆಗೆ ಸ್ನ್ಯಾಪ್‌ಶಾಟ್ ಶುರು. ಡಿಸ್ಕ್ ದೊಡ್ಡದು, ಇನ್ನೂ ಮುಗಿದಿಲ್ಲ. ಮೂರು ಒಂದಕ್ಕೆ ಹುಡುಕಾಟ ಹೊರಡುತ್ತದೆ. ಸ್ನ್ಯಾಪ್‌ಶಾಟ್ ಹಿಡಿದ ಬೀಗದ ಮುಂದೆ, ತಾನು ನಿಂತ ಡೈರೆಕ್ಟರಿಯ ಬೀಗವನ್ನು ಕೈಯಲ್ಲಿಟ್ಟುಕೊಂಡೇ ಕಾಯುತ್ತದೆ. ಆ ಡೈರೆಕ್ಟರಿ ಬೇಕಾದ ಮೂರನೆಯವನು ಅದರ ಮೇಲಿನ ಡೈರೆಕ್ಟರಿಯ ಬೀಗ ಹಿಡಿದು ನಿಲ್ಲುತ್ತಾನೆ. ಸಾಲು ಹೀಗೇ ಮೇಲೇರಿ ಬೇರು ಡೈರೆಕ್ಟರಿಯನ್ನು ಮುಟ್ಟಿದರೆ ಆಮೇಲೆ ಯಾವ ಕಡತವೂ ತೆರೆಯದು. ನೆಟ್‌ವರ್ಕಿನಲ್ಲಿ ಇದ್ದೀಯಾ ಎಂದು ಕೇಳುವ ಪಿಂಗ್‌ಗೆ ಸರ್ವರ್ ಉತ್ತರ ಕೊಡುತ್ತದೆ, ಕೆಲಸ ಮಾತ್ರ ಒಂದೂ ನಡೆಯದು. ಸ್ನ್ಯಾಪ್‌ಶಾಟನ್ನು ಅರ್ಧ ಗಂಟೆ ಆಚೀಚೆ ಸರಿಸಿದರೆ ತೊಂದರೆ ಮಾಯ. ಹಾಗೆ ಮಾಯವಾದಾಗ ‘ಅದೇನೋ ಸರಿಹೋಯಿತು’ ಎನ್ನದೆ, ಏಕೆ ಸರಿಹೋಯಿತೆಂದು ಬರೆದಿಟ್ಟವರು ನಂತರ ಬರುವವರಿಗೆ ಉಪಕಾರ ಮಾಡುತ್ತಾರೆ.

ಇನ್ನೊಂದು ಅಧ್ಯಾಯ 2012ರದು. ಆ ಜನವರಿಯ 9.0 ಆವೃತ್ತಿಯಲ್ಲಿ ಕಡತ ವ್ಯವಸ್ಥೆಗೆ, ಬದಲಾವಣೆಗಳನ್ನು ಗುರುತು ಹಾಕಿಡುವ ಜರ್ನಲ್ ಸೇರಿತು. ಕರೆಂಟು ಹೋಗಿ ಬಂದ ಮೇಲೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಡಿಸ್ಕ್ ತಪಾಸಣೆ ಇದರಿಂದ ಕ್ಷಣಗಳಿಗೆ ಇಳಿಯಿತು. ಆದರೆ ಜರ್ನಲ್ ಇರುವ ಕಡೆ ಸ್ನ್ಯಾಪ್‌ಶಾಟ್ ತೆಗೆದರೆ ಯಂತ್ರ ಸ್ತಬ್ಧವಾಗುವುದು, ಬೀಳುವುದು ಕಂಡುಬಂತು. ಬೇರೆ ಬೇರೆಯಾಗಿ ಸರಿಯಿದ್ದ ಎರಡು ಒಳ್ಳೆಯ ಏರ್ಪಾಡುಗಳು ಒಟ್ಟಿಗೆ ಬಾಳಲಿಲ್ಲ. ಆ ತಂಡ ಪ್ರಾಮಾಣಿಕ ದಾರಿ ಹಿಡಿಯಿತು. ಜರ್ನಲ್ ಇರುವಲ್ಲಿ ಸ್ನ್ಯಾಪ್‌ಶಾಟ್ ಕೇಳಿದರೆ ‘ಇಲ್ಲಿ ಇದು ಆಗದು’ ಎಂದು ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ಲೇ ಹೇಳುವಂತೆ ಮಾಡಿತು. ಎರಡೂ ಕೂಡಿ ನಡೆಯುವಂತಾದದ್ದು 2023ರ ಏಪ್ರಿಲ್‌ನ 13.2 ಆವೃತ್ತಿಯಲ್ಲಿ, ಅಂದರೆ ಹನ್ನೊಂದು ವರ್ಷಗಳ ನಂತರ. ನಡುವಿನ ಆವೃತ್ತಿಗಳನ್ನು ಇನ್ನೂ ಓಡಿಸುತ್ತಿರುವವರು ಜರ್ನಲ್ ತೆಗೆಯಬೇಕು, ಇಲ್ಲವೇ ಸ್ನ್ಯಾಪ್‌ಶಾಟಿನ ಆಸೆ ಬಿಡಬೇಕು. ಸೆಟ್ಟಿಂಗ್ ತಿದ್ದಿ ತಿದ್ದಿ ಇದನ್ನು ಗೆಲ್ಲಲಾಗದು. ಇಂಥ ಸಂದರ್ಭದಲ್ಲಿ ಬಿಡುಗಡೆ ಟಿಪ್ಪಣಿಗಳನ್ನು ಓದುವ ಒಂದು ಗಂಟೆ, ಊಹೆಯಲ್ಲಿ ಕಳೆಯುವ ಹತ್ತು ರಾತ್ರಿಗಳನ್ನು ಉಳಿಸುತ್ತದೆ.

ಜಾಗ ತುಂಬಿದಾಗ

ಲಿನಕ್ಸಿನಲ್ಲಿ ಹೆಚ್ಚಾಗಿ ಕಾಣುವುದು ಜಾಗದ ತೊಂದರೆ. ಹಳೆಯ ಎಲ್‌ವಿಎಂ ಪದ್ಧತಿಯಲ್ಲಿ ಸ್ನ್ಯಾಪ್‌ಶಾಟಿಗೆಂದು ಮೊದಲೇ ಇಷ್ಟು ಜಾಗವೆಂದು ತೆಗೆದಿಡಬೇಕು. ಬದಲಾವಣೆಗಳು ಅದನ್ನು ಮೀರಿದರೆ ಸ್ನ್ಯಾಪ್‌ಶಾಟ್ ಕೆಟ್ಟುಹೋಗುತ್ತದೆ, ಮೂಲ ಉಳಿಯುತ್ತದೆ. ಸ್ನ್ಯಾಪ್‌ಶಾಟಿನಿಂದ ಓದುತ್ತಿದ್ದ ಬ್ಯಾಕಪ್ ನಡುವೆ ಮುರಿಯುತ್ತದೆ. ಜಾಗ ತುಂಬುವ ಮುನ್ನ ತಾನಾಗಿ ಹಿಗ್ಗುವ ಸೌಲಭ್ಯವೊಂದಿದೆ, ಆದರೆ ಅದರ ಮಿತಿಯನ್ನು 100 ಎಂದಿಟ್ಟು ಕೊಟ್ಟಿರುತ್ತಾರೆ. ಅಂದರೆ ನಾವಾಗಿ ಬದಲಿಸುವವರೆಗೆ ಆ ಸೌಲಭ್ಯ ಇಲ್ಲದಂತೆಯೇ.

ಹೊಸ ಥಿನ್ ಪೂಲ್ ಪದ್ಧತಿಯಲ್ಲಿ ಪೆಟ್ಟು ಬೀಳುವುದು ಮೂಲಕ್ಕೇ. ಎಲ್ಲರಿಗೂ ಒಂದೇ ಕೆರೆ. ಸ್ನ್ಯಾಪ್‌ಶಾಟುಗಳು ಹಿಡಿದಿಟ್ಟುಕೊಂಡ ಹಳೆಯ ತುಣುಕುಗಳಿಂದ ಕೆರೆ ತುಂಬಿದರೆ ಬರೆಯುವವರೆಲ್ಲ ನಿಲ್ಲಬೇಕು. ಜಾಗ ಸಿಗಬಹುದೆಂದು ಕರ್ನೆಲ್ ವಾಡಿಕೆಯಂತೆ 60 ಸೆಕೆಂಡ್ ಕಾಯುತ್ತದೆ, ಸಿಗದಿದ್ದರೆ ಬರವಣಿಗೆಗಳನ್ನು ದೋಷವೆಂದು ತಿರುಗಿಸುತ್ತದೆ. ಆ ದೋಷ ಕಂಡ ಕಡತ ವ್ಯವಸ್ಥೆ ತನ್ನನ್ನು ಓದಲಷ್ಟೇ ಯೋಗ್ಯವೆಂದು ಬದಲಿಸಿಕೊಳ್ಳುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ. ಡಿಎಫ್ ಆಜ್ಞೆ ಕೊಟ್ಟು ನೋಡಿದವರಿಗೆ ಡಿಸ್ಕಿನಲ್ಲಿ ಧಾರಾಳ ಜಾಗ ಕಾಣುತ್ತದೆ, ಏಕೆಂದರೆ ಅದು ತೋರಿಸುವುದು ಕಡತ ವ್ಯವಸ್ಥೆಯ ಲೆಕ್ಕ, ಕೆಳಗಿನ ಪೂಲಿನದಲ್ಲ. ಪೂಲಿನ ದತ್ತಾಂಶದ ಜೊತೆಗೆ ಅದರ ಮೆಟಾಡೇಟಾದ ಶೇಕಡಾವಾರನ್ನೂ ನೋಡಬೇಕು. ಎರಡನೆಯದು ತುಂಬಿದರೆ ದುರಸ್ತಿ ಇನ್ನೂ ಕಷ್ಟ.

ಬಿಟಿಆರ್‌ಎಫ್‌ಎಸ್‌ನಲ್ಲಿ ತೊಡಕು ಬರುವುದು ಸ್ನ್ಯಾಪ್‌ಶಾಟುಗಳ ಸಂಖ್ಯೆಯಿಂದ. ಸ್ನ್ಯಾಪರ್‌ನಂಥ ಸಾಧನ ಗಂಟೆಗೊಮ್ಮೆ ತೆಗೆಯುತ್ತಾ, ದಿನಕ್ಕೊಮ್ಮೆ ಹಳೆಯದನ್ನು ಗುಡಿಸುತ್ತದೆ. ಯಾರು ಎಷ್ಟು ಜಾಗ ತಿಂದರೆಂದು ಲೆಕ್ಕವಿಡುವ ಕೋಟಾ ಸೌಲಭ್ಯವೂ ಹಚ್ಚಿದ್ದರೆ, ನೂರಾರು ಸ್ನ್ಯಾಪ್‌ಶಾಟುಗಳನ್ನು ಒಟ್ಟಿಗೆ ಗುಡಿಸುವಾಗ ಪ್ರೊಸೆಸರ್ ಆ ಲೆಕ್ಕದಲ್ಲೇ ಮುಳುಗಿ ಯಂತ್ರ ಸತ್ತಂತೆ ಕಾಣುತ್ತದೆ. ಕೋಟಾ ತೆಗೆದು, ಸಂಖ್ಯೆ ತಗ್ಗಿಸಿದರೆ ಉಸಿರಾಡುತ್ತದೆ.

ವಿಂಡೋಸ್ ಸರ್ವರ್‌ನಲ್ಲಿ ಈ ಕೆಲಸ ವಿಎಸ್‌ಎಸ್ ಸೇವೆಯದು. ಪ್ರತಿ ತಂತ್ರಾಂಶದ ಬರಹಗಾರ ಘಟಕ 60 ಸೆಕೆಂಡಿನೊಳಗೆ ಸಿದ್ಧವಾಗಬೇಕು. ಡಿಸ್ಕಿನ ಬರವಣಿಗೆ ತಡೆಹಿಡಿಯುವ ಅವಧಿ 10 ಸೆಕೆಂಡ್ ಮೀರುವಂತಿಲ್ಲ, ಮೀರಿದರೆ ಸ್ನ್ಯಾಪ್‌ಶಾಟೇ ರದ್ದು. ನೆರಳು ಪ್ರತಿಗಳ ಜಾಗ ಸಕಾಲಕ್ಕೆ ಹಿಗ್ಗದಿದ್ದರೆ ವೋಲ್‌ಸ್ನ್ಯಾಪ್ 25ನೇ ಸಂಖ್ಯೆಯ ಘಟನೆ ದಾಖಲಿಸಿ ಹಳೆಯ ಪ್ರತಿಗಳನ್ನೆಲ್ಲ ಅಳಿಸುತ್ತದೆ. ಇಲ್ಲಿ ಹೆಚ್ಚಿನ ಸಲ ಸರ್ವರ್ ಬೀಳುವುದಿಲ್ಲ, ಇದ್ದ ಸ್ನ್ಯಾಪ್‌ಶಾಟುಗಳು ಸದ್ದಿಲ್ಲದೆ ಹೋಗಿರುತ್ತವೆ. ಬೇಕಾದ ದಿನವೇ ಅದು ತಿಳಿಯುವುದು.

ಪತ್ತೆಯ ಕ್ರಮ

‘ಡೌನ್’ ಎಂಬುದರಡಿ ಮೂರು ಕಾಯಿಲೆಗಳಿವೆ ಎಂದೆವು. ಒಂದು, ಸ್ತಬ್ಧವಾಗುವುದು: ಯಂತ್ರ ಜೀವಂತವಿದೆ, ಬೀಗಗಳಲ್ಲಿ ಸಿಕ್ಕಿಬಿದ್ದಿದೆ. ಎರಡು, ಪ್ಯಾನಿಕ್: ಕರ್ನೆಲ್ ತನ್ನೊಳಗೆ ಅಸಂಗತವಾದುದನ್ನು ಕಂಡು ತಾನೇ ನಿಂತಿದೆ. ಮೂರು, ಸದ್ದಿಲ್ಲದ ಮರುಚಾಲನೆ: ಲಾಗಿನಲ್ಲಿ ಒಂದು ಸಾಲೂ ಇಲ್ಲ, ನೇರವಾಗಿ ಬೂಟ್ ಸಂದೇಶಗಳು. ಮೊದಲನೆಯದರಲ್ಲಿ ಪಿಂಗ್ ಉತ್ತರಿಸುತ್ತದೆ. ಲಿನಕ್ಸ್ ಆದರೆ ಇಂತಿಂಥ ಪ್ರೋಗ್ರಾಮ್ 120 ಸೆಕೆಂಡಿಗೂ ಹೆಚ್ಚು ಕಾಲ ತಡೆದು ನಿಂತಿದೆ ಎಂಬ ಎಚ್ಚರಿಕೆ ಕನ್ಸೋಲಿನಲ್ಲಿರುತ್ತದೆ. ಎರಡನೆಯದರಲ್ಲಿ ಪರದೆಯ ತುಂಬ ಕರ್ನೆಲ್ಲಿನ ಕರೆಗಳ ಸರಣಿ ಇರುತ್ತದೆ. ಮೂರನೆಯದರಲ್ಲಿ ಕಡತ ವ್ಯವಸ್ಥೆಯನ್ನು ಬಿಟ್ಟು ಪವರ್ ಸಪ್ಲೈ, ಮೆಮೊರಿ, ಬಿಸಿಯ ಕಡೆ ಮೊದಲು ನೋಡಬೇಕು. ಕಾಯಿಲೆ ಈ ಮೂರರಲ್ಲಿ ಯಾವುದೆಂದು ಗೊತ್ತಾಗುವ ಮುನ್ನ ಔಷಧ ಕೊಡಲು ಹೊರಡುವುದೇ ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು.

ಕಷ್ಟ ಎಲ್ಲಿದೆ ಎಂದರೆ, ಸಾಕ್ಷ್ಯ ಬರೆಯಬೇಕಾದ ಡಿಸ್ಕೇ ತಡೆಗೊಂಡಿದೆ. ಸಿಸ್ಟಮ್ ಲಾಗ್ 3 ಗಂಟೆ 0 ನಿಮಿಷ 2 ಸೆಕೆಂಡಿಗೆ ನಿಂತುಹೋಗಿ, ಮುಂದಿನ ಸಾಲು ಬೆಳಗಿನ 8.40ರದು. ಆ ನಡುವೆ ಏನಾಯಿತೆಂದು ಆ ಯಂತ್ರ ಎಂದಿಗೂ ಹೇಳದು. ಆದ್ದರಿಂದ ಸಾಕ್ಷ್ಯ ಹೊರಗೆ ಹೋಗುವ ದಾರಿ ಮೊದಲೇ ಮಾಡಿಡಬೇಕು. ಸೀರಿಯಲ್ ಕನ್ಸೋಲ್ ಇದ್ದರೆ ಅದಕ್ಕಿಂತ ನಂಬಿಕಸ್ತ ಬೇರಿಲ್ಲ. ಒಂದು ಕೇಬಲ್, ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್ ಸಾಕು. ಲಿನಕ್ಸಿನ ನೆಟ್‌ಕನ್ಸೋಲ್ ಕರ್ನೆಲ್ ಸಂದೇಶಗಳನ್ನು ನೆಟ್‌ವರ್ಕಿನ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುತ್ತದೆ. ಪ್ಯಾನಿಕ್ ಆದರೆ ಆ ಕ್ಷಣದ ಮೆಮೊರಿಯ ಚಿತ್ರ ಬೇಕು. ಅದಕ್ಕೆ ಲಿನಕ್ಸಿನಲ್ಲಿ ಕೆಡಂಪ್, ಫ್ರೀಬಿಎಸ್‌ಡಿಯಲ್ಲಿ ಡಂಪ್ ಸಾಧನ ಮತ್ತು ಸೇವ್‌ಕೋರ್ ಇವೆ. ಸ್ತಬ್ಧವಾದ ಯಂತ್ರದಲ್ಲಿ ಸಿಸ್‌ಆರ್‌ಕ್ಯು ಜೊತೆ ‘ಡಬ್ಲ್ಯು’ ಒತ್ತಿದರೆ ಯಾರು ಯಾರು ಯಾವ ಕರೆಯಲ್ಲಿ ತಡೆದು ನಿಂತಿದ್ದಾರೆಂದು ಕನ್ಸೋಲಿಗೆ ಬರುತ್ತದೆ. ಆ ಪಟ್ಟಿಯಲ್ಲಿ ಹತ್ತಾರು ಹೆಸರಿದ್ದರೂ ಬಹುಪಾಲು ಎಲ್ಲರೂ ಒಬ್ಬನಿಗಾಗಿ ಕಾಯುತ್ತಿರುತ್ತಾರೆ. ಆ ಒಬ್ಬ ಏನಕ್ಕಾಗಿ ಕಾಯುತ್ತಿದ್ದಾನೆ ಎಂಬುದೇ ಉತ್ತರ.

ಸಾಕ್ಷ್ಯದ ದಾರಿ ಸಿದ್ಧವಾದ ಮೇಲೆ ಅದೇ ಸ್ನ್ಯಾಪ್‌ಶಾಟನ್ನು ಹಗಲಿನಲ್ಲಿ, ಕನ್ಸೋಲಿನ ಮುಂದೆ ಕೂತು, ಕೈಯಿಂದ ಓಡಿಸಿ ನೋಡಬೇಕು. ಕೈಯಿಂದ ಓಡಿಸಿದಾಗ ಸರಿಯಾಗಿದ್ದು ರಾತ್ರಿ ಮಾತ್ರ ಬೀಳುತ್ತದೆಂದರೆ ಅನುಮಾನ ರಾತ್ರಿಯ ಸಹವಾಸಿಗಳ ಮೇಲೆ ಹೋಗಬೇಕು. ಇವುಗಳ ಪಟ್ಟಿ ನಾವು ಎಣಿಸಿದ್ದಕ್ಕಿಂತ ಉದ್ದವಿರುತ್ತದೆ. ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ರೇಡ್‌ನ ಮಾಸಿಕ ತಪಾಸಣೆ ಬಹುಕಾಲ ತಿಂಗಳ ಮೊದಲ ಭಾನುವಾರ ರಾತ್ರಿ 12.57ಕ್ಕೆ ಶುರುವಾಗುತ್ತಿತ್ತು. ತಿಂಗಳಿಗೊಮ್ಮೆ ಮಾತ್ರ ಬೀಳುವ ಸರ್ವರ್ ಕಂಡರೆ ಕ್ಯಾಲೆಂಡರಿನಲ್ಲಿ ಭಾನುವಾರ ನೋಡಬೇಕು. ರೇಡ್ ಕಾರ್ಡಿನ ಸ್ವಂತ ಪರಿಶೀಲನೆ, ಯುಪಿಎಸ್‌ನ ಸ್ವಯಂಪರೀಕ್ಷೆ, ಆ್ಯಂಟಿವೈರಸ್ ಹುಡುಕಾಟ, ಲಾಗ್ ತಿರುಗಿಸುವ ಕೆಲಸ, ಹಿಂದಿನ ರಾತ್ರಿಯದೇ ಇನ್ನೂ ಮುಗಿಯದ ಬ್ಯಾಕಪ್ ಎಲ್ಲವೂ ನಡುರಾತ್ರಿಯನ್ನೇ ಆರಿಸಿಕೊಂಡಿರುತ್ತವೆ. ಕೊನೆಯದಕ್ಕೆ ಪರಿಹಾರ ಸುಲಭ: ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗದಂತೆ ಸ್ಕ್ರಿಪ್ಟಿಗೆ ಎಫ್‌ಲಾಕ್ ಬೀಗ ಹಾಕಬೇಕು.

ಕೈಯಿಂದ ಓಡಿಸಿದರೂ ಬಿದ್ದರೆ ಯಂತ್ರದ ಮೈ ನೋಡಬೇಕು. ಸ್ನ್ಯಾಪ್‌ಶಾಟಿನಿಂದ ಬ್ಯಾಕಪ್ ಓದುವಾಗ ತಿಂಗಳುಗಟ್ಟಲೆ ಯಾರೂ ಮುಟ್ಟದ ಮೂಲೆಗಳನ್ನೂ ಡಿಸ್ಕ್ ಓದಬೇಕಾಗುತ್ತದೆ, ಕೆಟ್ಟ ಸೆಕ್ಟರುಗಳು ಸಿಗುವುದು ಆಗಲೇ. ಸ್ಮಾರ್ಟ್‌ಸಿಟಿಎಲ್ ವರದಿ, ಮೆಮೊರಿ ಪರೀಕ್ಷೆ, ರೇಡ್ ಕಾರ್ಡಿನ ಬ್ಯಾಟರಿ ಮೂರನ್ನೂ ನೋಡದೆ ಕರ್ನೆಲ್ಲನ್ನು ದೂರಬಾರದು. ಬ್ಯಾಟರಿ ಸತ್ತ ಕಾರ್ಡ್ ತನ್ನ ಬರವಣಿಗೆಯ ಕ್ಯಾಶ್ ನಿಲ್ಲಿಸುತ್ತದೆ. ದಿನದ ಸಣ್ಣ ಸಣ್ಣ ಬರವಣಿಗೆಗಳಲ್ಲಿ ಗೊತ್ತಾಗದ ನಿಧಾನ, ಸ್ನ್ಯಾಪ್‌ಶಾಟಿನ ಹೊತ್ತಿಗೆ ಎಲ್ಲ ಒಟ್ಟಿಗೆ ಇಳಿಯುವಾಗ ಬೆಟ್ಟವಾಗುತ್ತದೆ. ಪಾವಗಡದಂಥ ಬಯಲುಸೀಮೆಯಲ್ಲಿ ಇದಕ್ಕೆ ಧೂಳೂ ಸೇರುತ್ತದೆ. ಸರ್ವರ್‌ನ ಮುಂದಿನ ಜಾಲರಿ ಬಿಚ್ಚಿದರೆ ಕೆಮ್ಮಣ್ಣಿನ ಪುಡಿ ಬೆರಳಿಗೆ ಹತ್ತುತ್ತದೆ. ಫ್ಯಾನ್ ಜೋರಾಗಿ ತಿರುಗಿದರೂ ಗಾಳಿ ಒಳಗೆ ಹೋಗುತ್ತಿರುವುದಿಲ್ಲ. ಸಂಕುಚನ ಮಾಡುವ ಬ್ಯಾಕಪ್ ಪ್ರೊಸೆಸರನ್ನು ಪೂರ್ತಿ ದುಡಿಸಿದಾಗ ಬಿಸಿ ಮಿತಿ ಮೀರಿ ಯಂತ್ರ ತಾನಾಗಿ ಆರಿಹೋಗುತ್ತದೆ. ಅದು ಮೂರನೆಯ ಕಾಯಿಲೆ, ಅದಕ್ಕೆ ಮದ್ದು ಬ್ರಷ್ಷು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮೇಲಿನವರು ಫೋನಿನಲ್ಲಿ ಕಾಯುತ್ತಿರುವಾಗ ಕರ್ನೆಲ್ ಹೊಸದು ಮಾಡಿ, ಸಮಯ ಬದಲಿಸಿ, ಡಿಸ್ಕನ್ನೂ ಬದಲಿಸಿಬಿಡುವುದು ಮನುಷ್ಯಸಹಜ. ಆಗ ತೊಂದರೆ ಹೋದರೂ ಕಾರಣ ಉಳಿದುಬಿಡುತ್ತದೆ. ಪಕ್ಕದ ಘಟಕದ ಅಂಥದ್ದೇ ಸರ್ವರ್ ಬಿದ್ದಾಗ ಹೇಳಲು ಏನೂ ಇರುವುದಿಲ್ಲ.

ಯಾವ ಹೊತ್ತಿಗೆ

ರಾತ್ರಿ ಮೂರು ಎಂಬ ವಾಡಿಕೆ ಹುಟ್ಟಿದ್ದು ಹಗಲೆಲ್ಲ ಕಚೇರಿ, ರಾತ್ರಿ ಬಿಡುವು ಎಂಬ ಲೆಕ್ಕದಲ್ಲಿ. ಪ್ರತಿ ಜಾಗಕ್ಕೂ ತನ್ನದೇ ಲೆಕ್ಕ ಇರುತ್ತದೆ. ವಳ್ಳೂರಿನ ಸೌರ ಘಟಕದ ದುಡಿಮೆ ಸೂರ್ಯನ ಜೊತೆ ಏಳುತ್ತದೆ, ಸೂರ್ಯನ ಜೊತೆ ಮಲಗುತ್ತದೆ. ಸಂಜೆ ಏಳರ ಹೊತ್ತಿಗೆ ಉತ್ಪಾದನೆ ಸೊನ್ನೆ, ಇಲ್ಲಿನ ಬಿಡುವು ಶುರುವಾಗುವುದು ಆಗಲೇ.

ಇಲ್ಲಿ ಎಡವುವುದು ಗಡಿಯಾರದ ವಿಷಯದಲ್ಲಿ. ಸರ್ವರ್‌ಗಳ ಗಡಿಯಾರವನ್ನು ಹಲವು ಕಡೆ ಯುಟಿಸಿ ಕಾಲಕ್ಕೆ ಇಡುತ್ತಾರೆ. ಭಾರತೀಯ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ‘ನಡುರಾತ್ರಿ 12ಕ್ಕೆ’ ಎಂದು ಬರೆದ ಸ್ನ್ಯಾಪ್‌ಶಾಟ್ ಆ ಗಡಿಯಾರದಲ್ಲಿ ನಡೆದರೆ ನಮ್ಮಲ್ಲಿ ಬೆಳಗಿನ 5.30. ಬೇಸಿಗೆಯಲ್ಲಿ ಪಾವಗಡದ ಕಡೆ ಆರಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಸ್ನ್ಯಾಪ್‌ಶಾಟ್ ಮುಗಿದು ಹಳೆಯವನ್ನು ಗುಡಿಸುವ ಹೊತ್ತಿಗೆ ಇನ್ವರ್ಟರುಗಳು ಒಂದೊಂದಾಗಿ ಎಚ್ಚರವಾಗಿ, ಎಲ್ಲವೂ ಒಟ್ಟಿಗೆ ಅಂಕಿ ಕಳಿಸತೊಡಗುತ್ತವೆ. ಬಿಡುವಿನ ಹೊತ್ತೆಂದು ಆರಿಸಿದ್ದು ಅತ್ಯಂತ ದಟ್ಟಣೆಯ ಹೊತ್ತಾಗಿಬಿಡುತ್ತದೆ. ಸರ್ವರ್ ಚಳಿಗಾಲದಲ್ಲಿ ಬೀಳದೆ ಬೇಸಿಗೆಯಲ್ಲಿ ಮಾತ್ರ ಬೀಳುತ್ತಿದ್ದರೆ ಮೊದಲು ಗಡಿಯಾರದ ಸೆಟ್ಟಿಂಗ್ ನೋಡುವುದು ವಾಸಿ. ಸರಿಯಾಗಿ ಗಂಟೆಗೆ, ಅರ್ಧ ಗಂಟೆಗೆ, ಕಾಲು ಗಂಟೆಗೆ ಸ್ನ್ಯಾಪ್‌ಶಾಟ್ ಇಡುವುದೂ ಬೇಡ. 15 ನಿಮಿಷದ ತುಂಡುಗಳ ಲೆಕ್ಕ ಕಟ್ಟಿ ಬರೆಯುವುದು ಅದೇ ನಿಮಿಷಗಳಲ್ಲಿ.

ಹೀಗೆ ನೋಡಿದರೆ ವಳ್ಳೂರಿನಂಥ ಕಡೆ ಸಂಜೆ 7.37 ಒಳ್ಳೆಯ ಹೊತ್ತು. ಫಲಕಗಳು ಮಲಗಿವೆ, ಲೆಕ್ಕದ ತುಂಡಿನ ಅಂಚಿನಿಂದ ಏಳು ನಿಮಿಷ ದೂರವಿದೆ, ಕನ್ಸೋಲ್ ನೋಡಲು ಮನುಷ್ಯ ಇನ್ನೂ ಎಚ್ಚರವಿದ್ದಾನೆ. ಸ್ನ್ಯಾಪ್‌ಶಾಟ್ ಆದ ಮೇಲೆ ಅದನ್ನು ಓದಲಷ್ಟೇ ಬರುವಂತೆ ಬೇರೊಂದು ಜಾಗದಲ್ಲಿ ತೆರೆದು ಹಿಂದಿನ ದಿನದ ಕಡತ ನೋಡಬೇಕು. ಎಕ್ಸ್‌ಎಫ್‌ಎಸ್ ಆದರೆ ಮೂಲಕ್ಕೂ ಪ್ರತಿಗೂ ಗುರುತಿನ ಸಂಖ್ಯೆ ಒಂದೇ ಇರುವುದರಿಂದ ‘ನೋಯುಯುಐಡಿ’ ಎಂಬ ಆಯ್ಕೆ ಕೊಟ್ಟರೆ ಮಾತ್ರ ತೆರೆಯುತ್ತದೆ. ಕಡತದಲ್ಲಿ 96 ಸಾಲುಗಳಿರಬೇಕು. ರಾತ್ರಿಯವು ಸೊನ್ನೆ, ಬೆಳಕು ಹರಿದಲ್ಲಿಂದ ಅಂಕಿ ಏರುತ್ತದೆ, ಮಧ್ಯಾಹ್ನಕ್ಕೆ ತುದಿ ಮುಟ್ಟಿ ಇಳಿಯುತ್ತದೆ, ನಡುವೆ ಎಲ್ಲೋ ಮೋಡ ಹಾದ ಕಡೆ ತಗ್ಗು ಬಿದ್ದಿರುತ್ತದೆ. 95 ಇದ್ದರೆ ಯಾವ ಸಾಲು ಇಲ್ಲವೋ ಆ ಹೊತ್ತಿನ ಕನ್ಸೋಲ್ ಲಾಗ್ ತೆಗೆದು ಕೂರಬೇಕು.